ನಿಡುಗಲ್ಲಿನ ಟೆಂಟು ಮತ್ತು ಕೆಂಪು ಷರಾ

ನಾನು ಜೇಬಿನಿಂದ ಅಳತೆ ಟೇಪು ತೆಗೆದ ಕಡೆಯೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಬೇರೆಯವರು ತಪಾಸಣೆಗೆ ಹೋದರೆ ಫೈಲು ತುಂಬಿಕೊಂಡು ಬರುತ್ತಾರೆ. ನಾನು ಹೋದರೆ ಮನೆಯವರಿಗೆ ಹೇಳಿ ನಗಿಸಲು ಒಂದು ಕತೆ ಹೊತ್ತುಕೊಂಡು ಬರುತ್ತೇನೆ.

ನಾನು ಆರೋಗ್ಯ ಇನ್‌ಸ್ಪೆಕ್ಟರ್. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ತೊಟ್ಟಿಗಳಲ್ಲಿ ಸೊಳ್ಳೆಮರಿ ಹುಡುಕುವುದು, ಮನೆಮನೆ ತಿರುಗಿ ಶೌಚಾಲಯ ಕಟ್ಟಿಸಿ ಎಂದು ಗಂಟಲು ಹರಿದುಕೊಳ್ಳುವುದು, ಇದರಲ್ಲೇ ನನ್ನ ಸರ್ವೀಸು ಕಳೆಯಿತು. ಇನ್ನೇನು ನಿವೃತ್ತಿಗೆ ಹತ್ತಿರ ಬಂದೆ ಅನ್ನುವಾಗ ನಮ್ಮ ಬೆಟ್ಟಗಳಿಗೆ ಹೊಸ ಯೋಗ ಬಂತು. ಮೊದಲು ಮಧುಗಿರಿ ಬೆಟ್ಟ ಹತ್ತುವವರು ಬೆಳಿಗ್ಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಈಗ ಬೆಟ್ಟದ ಬುಡದಲ್ಲಿ ಟೆಂಟು ಹಾಕಿಸಿಕೊಂಡು ಅಲ್ಲೇ ಮಲಗುತ್ತಾರೆ. ಕೆಲವರು ಅಡುಗೆಮನೆ, ಹಾಸಿಗೆ, ಸಿಂಕು ಎಲ್ಲ ಒಳಗಿರುವ ಕ್ಯಾರವಾನ್ ಎಂಬ ವ್ಯಾನಿನಲ್ಲಿ ಬಂದು ಹೊಲದ ಪಕ್ಕ ನಿಲ್ಲಿಸಿಕೊಳ್ಳುತ್ತಾರೆ. ಇವರಿಗೆ ಕುಡಿಯಲು ಒಳ್ಳೆ ನೀರಿದೆಯೇ, ಶೌಚಾಲಯ ಅಡುಗೆಮನೆಯಿಂದ ದೂರವಿದೆಯೇ, ಬೆಂಕಿ ಬಿದ್ದರೆ ಆರಿಸಲು ಏನಿದೆ, ಇದನ್ನೆಲ್ಲ ಯಾರಾದರೂ ನೋಡಬೇಕಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಕ್ಯಾಂಪು ತಪಾಸಣೆ ಯಾರಿಗೆ ಕೊಡುವುದು ಎಂಬ ಮಾತು ಬಂದಾಗ ಮೀಟಿಂಗಿನಲ್ಲಿದ್ದವರೆಲ್ಲ ಮೊಬೈಲು ನೋಡತೊಡಗಿದರು. ನಾನೊಬ್ಬ ತಲೆ ಎತ್ತಿಕೊಂಡು ಕೂತಿದ್ದೆ. ಕೆಲಸ ನನ್ನ ಕೊರಳಿಗೆ ಬಿತ್ತು.

ಬಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಎದೆಯುಬ್ಬಿಸಿ ಹೇಳುತ್ತೇನೆ. ನನ್ನ ಬಳಿ ಎರಡು ಆಯುಧ. ಒಂದು ಸ್ಟೀಲ್ ಟೇಪು, ಇನ್ನೊಂದು ಕೆಂಪು ಪೆನ್ನು. ಟೇಪಿನಲ್ಲಿ ಅಳೆದು, ಸರಿಯಿಲ್ಲದಿದ್ದರೆ ಕೆಂಪು ಪೆನ್ನಿನಲ್ಲಿ ಒಂದೇ ಒಂದು ಸಾಲಿನ ಷರಾ ಬರೆಯುತ್ತೇನೆ: 'ನ್ಯೂನತೆಗಳನ್ನು ಸರಿಪಡಿಸಿಕೊಂಡು ಮರುಪರಿಶೀಲನೆಗೆ ಕೋರುವುದು.' ಈ ಸಾಲನ್ನು ಎಷ್ಟು ಸಲ ಬರೆದಿದ್ದೇನೆಂದರೆ ನಮ್ಮ ಮನೆಯವಳು ಉಪ್ಪು ಕಮ್ಮಿಯಾದ ಸಾರು ಬಡಿಸುವಾಗ ತಾನೇ ಮೊದಲು ಅದನ್ನು ಹೇಳಿಬಿಡುತ್ತಾಳೆ.

೧. ಮಾರಿನ ಲೆಕ್ಕ

ಪಾವಗಡ ತಾಲ್ಲೂಕಿನ ನಿಡುಗಲ್ಲಿನಲ್ಲಿ ಎಂಟು ಜನ ಹೆಂಗಸರ ಸಂಘ ಒಂದಿದೆ. ಅದಕ್ಕೆ ಮುಂದಾಳು, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು. ಅವರ ಕೈಯಲ್ಲಿ ಉಂಡು ಬೆಳೆದ ಮಕ್ಕಳೆಲ್ಲ ಅಕ್ಕ ಎನ್ನುತ್ತಿದ್ದರಿಂದ ಊರಿಗೆಲ್ಲ ಅಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನನ್ನ ಬಾಯಲ್ಲೂ ಅದೇ ಬಂತು.

ಈ ಸಂಘದವರು ಕೋಟೆ ಬೆಟ್ಟದ ಬುಡದಲ್ಲಿ ಪಂಚಾಯಿತಿಯ ಜಾಗ ಹಿಡಿದು ಎಂಟು ಟೆಂಟು ಹಾಕಿದ್ದರು. ಬೆಟ್ಟ ತೋರಿಸುವುದು, ಮುದ್ದೆ ಊಟ ಹಾಕುವುದು ಎಲ್ಲ ತಾವೇ. ದಸರಾ ರಜೆಗೆ ತುಮಕೂರಿನ ಒಂದು ಹೈಸ್ಕೂಲಿನ ಮಕ್ಕಳು ಬರುವುದೂ ನಿಶ್ಚಯವಾಗಿತ್ತು. ಆದರೆ ಪಂಚಾಯಿತಿಯವರು ಒಂದು ಷರತ್ತು ಹಾಕಿದ್ದರು. ದಸರಾ ರಜೆ ಶುರುವಾಗುವ ಹೊತ್ತಿಗೆ ನಮ್ಮ ಇಲಾಖೆಯ ಅನುಮತಿ ಪತ್ರ ತರಬೇಕು, ಇಲ್ಲದಿದ್ದರೆ ಆ ಜಾಗ ಹೊರಗಿನ ಒಬ್ಬ ಕಂಟ್ರಾಕ್ಟರಿಗೆ ಹೋಗುತ್ತದೆ. ಅವನು ಆಗಲೇ ಎರಡು ಸಲ ಕಾರಿನಲ್ಲಿ ಬಂದು ಜಾಗ ನೋಡಿಕೊಂಡು ಹೋಗಿದ್ದ. ಎಂಟು ಹೆಂಗಸರ ಭವಿಷ್ಯ ನನ್ನ ಪೆನ್ನಿನ ತುದಿಯಲ್ಲಿತ್ತು ಅನ್ನಿ.

ಮೊದಲ ತಪಾಸಣೆಗೆ ಹೋದೆ. ಟೆಂಟಿನಿಂದ ಟೆಂಟಿಗೆ ಮೂರು ಮೀಟರ್ ಅಂತರ ಇರಬೇಕು, ಒಂದಕ್ಕೆ ಬೆಂಕಿ ಹತ್ತಿದರೆ ಇನ್ನೊಂದಕ್ಕೆ ಹಾರಬಾರದು. ಇಲ್ಲಿ ನೋಡಿದರೆ ಒಂದು ಸಂದಿನಲ್ಲಿ ಎತ್ತಿನ ಗಾಡಿ ಹೊಡೆಯಬಹುದು, ಇನ್ನೊಂದು ಸಂದಿನಲ್ಲಿ ನಾನು ಹೊಟ್ಟೆ ಒಳಗೆಳೆದುಕೊಂಡು ಹೋಗಬೇಕು. ಇದೇನಮ್ಮ ಹೀಗೆ ಎಂದು ಕೇಳಿದೆ. ಮೂರು ಮೀಟರ್ ಎಂದರೆ ಎರಡು ಮಾರು ಎಂದು ಯಾರೋ ಹೇಳಿದರಂತೆ. ಎರಡೂ ಕೈ ಚಾಚಿದರೆ ಬೆರಳ ತುದಿಯಿಂದ ಬೆರಳ ತುದಿಗೆ ಒಂದು ಮಾರು. ಯಾರಿಗೂ ಅನ್ಯಾಯವಾಗಬಾರದು ಎಂದು, ಅವರವರ ಟೆಂಟಿಗೆ ಅವರವರೇ ಮಾರು ಹಾಕಿದ್ದಾರೆ. ಸಂಘದಲ್ಲಿ ಆರಡಿ ಎತ್ತರದ ಒಬ್ಬಾಕೆ ಇದ್ದಾರೆ, ನನ್ನ ಎದೆಮಟ್ಟಕ್ಕೆ ಬರುವ ಒಬ್ಬ ಅಜ್ಜಿಯೂ ಇದ್ದಾರೆ. ಅಜ್ಜಿಗೆ ಸ್ವಲ್ಪ ಸೊಂಟ ಬೇರೆ ಬಗ್ಗಿದೆ.

ಬೆಂಕಿಗೆ ಯಾರ ಕೈ ಎಷ್ಟು ಉದ್ದ ಅಂತ ಗೊತ್ತಾಗುವುದಿಲ್ಲ ಎಂದು ಹೇಳಿ ಕೆಂಪು ಪೆನ್ನು ತೆಗೆದು ನನ್ನ ಸಾಲು ಬರೆದೆ. ಅಕ್ಕ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಅರ್ಥವೇನು ಎಂದು ಕೇಳಿದರು. ತಪ್ಪು ತಿದ್ದಿಕೊಂಡು ನನ್ನನ್ನು ಮತ್ತೆ ಕರೆಯಿರಿ ಎಂದರ್ಥ ಎಂದೆ. ಅಲ್ಲೇ ನಿಂತ ಹಾಗೆ ಎಂಟೂ ಜನ ತಲೆಗೆ ತಲೆ ಸೇರಿಸಿ ಮೀಟಿಂಗ್ ಮಾಡಿದರು. ಆಮೇಲೆ ಅಕ್ಕ ಆರಡಿಯಾಕೆಯನ್ನು ಮುಂದಕ್ಕೆ ತಳ್ಳಿದರು.

"ಇನ್ಮ್ಯಾಲೆ ಈಯಮ್ಮನೇ ನಮ್ ಟೇಪು ಸಾರ್. ಈಯಮ್ಮ ಯಾರ್ದಾದ್ರೂ ಮದ್ವೆಗೆ ಹೋದ್ರೆ ಅವತ್ತು ನಾವು ಟೆಂಟೇ ಹಾಕಲ್ಲ."

೨. ಕೊರಟಗೆರೆಯ ಹಳದಿ ನೀರು

ನಾನು ಬಸ್ಸಿಗೆ ಹೊರಟಾಗ ಅಕ್ಕ ಹಿಂದೆಯೇ ಬಂದರು. ಬೇರೆಯವರ ಕ್ಯಾಂಪು ಹೆಂಗಿರುತ್ತದೆ, ಒಂದು ಸಲವಾದರೂ ಕಣ್ಣಾರೆ ನೋಡಬೇಕು, ನೀವು ಹೋಗುವ ಕಡೆಗೆಲ್ಲ ನಾನೂ ಬರುತ್ತೇನೆ ಎಂದರು. ನನ್ನ ಸರ್ವೀಸಿನಲ್ಲಿ ತಪಾಸಣೆ ಎಂದರೆ ಓಡಿಹೋದವರನ್ನು ಕಂಡಿದ್ದೆ, ಹಿಂದೆ ಬಿದ್ದು ಬರುತ್ತೇನೆ ಎಂದವರನ್ನು ಕಂಡಿರಲಿಲ್ಲ. ಬರಬಾರದು ಎಂದು ಯಾವ ನಿಯಮದಲ್ಲೂ ಇರಲಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಅವರು ಪಾವಗಡದಿಂದ ಪ್ರೈವೇಟ್ ಬಸ್ಸು ಹತ್ತಿ, ಒಂದು ನೋಟ್‌ಬುಕ್ಕು, ಒಂದು ಊಟದ ಡಬ್ಬಿ ಹಿಡಿದು ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮುಂಚೆ ಬಂದು ನಿಂತಿದ್ದರು.

ಅಲ್ಲಿಗೆ ಹತ್ತಿರದ ಮಾವಿನ ತೋಪಿನಲ್ಲಿ ಒಬ್ಬ ಜಮೀನುದಾರರು ಕ್ಯಾಂಪು ಮಾಡಿದ್ದರು. ನೀರಿನ ಪರೀಕ್ಷೆ ನಾನು ಮಾಡುವುದು ಹೀಗೆ: ಸಣ್ಣ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಔಷಧದ ಎರಡು ಹನಿ ಬಿಡುತ್ತೇನೆ. ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿಗೆ ತಿರುಗುತ್ತದೆ. ಹಳದಿಯಾದರೆ ಪಾಸು. ಈ ಯಜಮಾನರು ಹಿಂದೆ ತಮ್ಮ ಊರ ಟ್ಯಾಂಕಿನ ಹತ್ತಿರ ನಾನು ಹೀಗೆ ಮಾಡುವುದನ್ನು ದೂರದಿಂದ ನೋಡಿದ್ದರಂತೆ.

ನಲ್ಲಿಯಲ್ಲಿ ನೀರು ಹಿಡಿದೆ. ಔಷಧದ ಬಾಟಲಿ ಇನ್ನೂ ಬ್ಯಾಗಿನಲ್ಲೇ ಇದೆ, ನೀರು ಆಗಲೇ ಬಂಗಾರದ ಬಣ್ಣ. ಮೂಸಿ ನೋಡಿದೆ. ಒಗ್ಗರಣೆಯೊಂದು ಬಿದ್ದಿದ್ದರೆ ಸಾರು ಅನ್ನಬಹುದಿತ್ತು. ಯಜಮಾನರು ಹೆಮ್ಮೆಯಿಂದ, ಟ್ಯಾಂಕಿಗೆ ಎರಡು ಸೇರು ಅರಿಶಿನ ಕದಡಿಸಿದ್ದೇನೆ, ನಮ್ಮ ಹೊಲದ್ದೇ, ಅಂಗಡಿಯದಲ್ಲ ಎಂದರು. ಅರಿಶಿನ ಕ್ರಿಮಿ ಕೊಲ್ಲುವುದಿಲ್ಲವೇ ಎಂದು ನನಗೇ ಪಾಠ ಬೇರೆ.

ನನಗೆ ಸಿಟ್ಟು ಬಂತು. ಈ ನೀರಲ್ಲಿ ಜನ ಸ್ನಾನ ಮಾಡಿದರೇನ್ರೀ ಎಂದು ಗದರಿದೆ. ಮಾಡಿದರು ಎಂದು ಅವರು ಮೆಲ್ಲಗೆ ಒಪ್ಪಿಕೊಂಡರು. ಹಿಂದಿನ ವಾರ ಬೆಂಗಳೂರಿನಿಂದ ಒಬ್ಬ ಹುಡುಗ ಬಂದು ಎರಡು ದಿನ ಇದ್ದು, ನಾಲ್ಕು ಸಲ ಸ್ನಾನ ಮಾಡಿ ಮೈಯೆಲ್ಲ ಹಳದಿಯಾಗಿ ಮನೆಗೆ ಹೋಗಿದ್ದಾನೆ. ಹೋದ ದಿನವೇ ಅವನ ತಾಯಿ ಇವರಿಗೆ ಫೋನು.

"ಏನಂದ್ರು?" ಎಂದೆ.

"ಸಾ, ಬೈಲಿಲ್ಲ ಪಾಪ. ಹುಡ್ಗಿ ಯಾವೂರು, ಯಾರ ಪೈಕಿ ಅಂತ ಕೇಳುದ್ರು."

೩. ಸಿರಾದ ತಾತ ಮತ್ತು ಕ್ಯಾರವಾನು

ಸಿರಾದಲ್ಲಿ ಹೈವೇ ಪಕ್ಕ ಒಬ್ಬ ಕಡಲೆಕಾಯಿ ವ್ಯಾಪಾರಿ ಕ್ಯಾರವಾನ್ ನಿಲ್ಲಿಸಲು ಅಂಗಳ ಮಾಡಿದ್ದಾರೆ. ಕರೆಂಟು, ನೀರು, ವ್ಯಾನಿನ ಕೊಳಕು ನೀರು ಬಿಡಲು ಮುಚ್ಚಿದ ಗುಂಡಿ, ಎಲ್ಲ ಅಚ್ಚುಕಟ್ಟು. ನಾನೂ ಅಕ್ಕನೂ ಹೋದಾಗ ವ್ಯಾಪಾರಿ ಗೇಟಿನಲ್ಲೇ ಕೈ ಜೋಡಿಸಿದರು. "ಸಾಬ್, ಈ ಬುಡ್ಡಾನ್ನ ನೀವೇ ಸಮಾಧಾನ ಮಾಡಿ. ಬಂದಿರೋ ಗಿರಾಕಿನ ಓಡಿಸ್ತಾ ಅವ್ನೆ."

ಬುಡ್ಡಾ ಅಂದರೆ ಅವರ ಕಾವಲುಗಾರ ತಾತ. ಗೌಡಗೆರೆ ಕಡೆಯವರು. ತಾತ ನನಗೆ ಹಳೇ ಪರಿಚಯ. ಮನೆಯಲ್ಲಿ ಶೌಚಾಲಯ ಕಟ್ಟಿಸಿಕೊಳ್ಳಲು ಒಪ್ಪದೆ ನನ್ನನ್ನು ಎರಡು ವರ್ಷ ಅಲೆಸಿದ್ದರು. ಕೊನೆಗೆ, ಅಡುಗೆಮನೆಯಿಂದ ದೂರ, ಹಿತ್ತಲ ಮೂಲೆಯಲ್ಲೇ ಕಟ್ಟುವುದು, ಹತ್ತಿರ ಕಟ್ಟಬಾರದೆಂದು ನಿಯಮವೇ ಇದೆ ಎಂದು ಪ್ರಮಾಣ ಮಾಡಿದ ಮೇಲೆ ಒಪ್ಪಿದ್ದರು. ಆ ಮಾತನ್ನು ತಾತ ಮರೆತಿರಲಿಲ್ಲ.

ಈಗ ವಯಸ್ಸಾದ ಗಂಡಹೆಂಡತಿ ಇಬ್ಬರು ಊರೂರು ತಿರುಗುತ್ತ ಕ್ಯಾರವಾನಿನಲ್ಲಿ ಬಂದಿದ್ದಾರೆ. ಒಳಗಡೆ ಒಲೆ, ಅದರ ಪಕ್ಕದ ಬಾಗಿಲೇ ಶೌಚಾಲಯ. ತಾತ ಅದನ್ನು ನೋಡಿ, ದೊಣ್ಣೆ ಅಡ್ಡ ಹಿಡಿದು ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾರೆ. ಒಲೆಯನ್ನಾದರೂ ಈ ಮೂಲೆಗೆ ತನ್ನಿ, ಅದನ್ನಾದರೂ ಆ ಮೂಲೆಗೆ ಒಯ್ಯಿರಿ, ಎರಡೂ ಒಂದೇ ಗೂಡಿನಲ್ಲಿ ಇರಲು ನಮ್ಮ ಇನ್‌ಸ್ಪೆಕ್ಟರು ಬಿಡುವುದಿಲ್ಲ ಎಂದು ಅವರ ವಾದ. ಆ ದಂಪತಿ ವ್ಯಾನಿನ ಒಡೆಯರಾಗಿಯೂ ಬೆಳಿಗ್ಗೆಯಿಂದ ಬೇವಿನ ಮರದ ಕೆಳಗೆ ನಿಂತಿದ್ದರು.

ನಾನು ತಾತನಿಗೆ ವಿವರಿಸಿದೆ. ಇದು ಗಾಳಿಯಾಡದ ಹಾಗೆ ಮುಚ್ಚಿದ ಟ್ಯಾಂಕು, ವಾಸನೆ ಬರುವುದಿಲ್ಲ, ತುಂಬಿದ ಮೇಲೆ ಗುಂಡಿಗೆ ಬಿಡುತ್ತಾರೆ, ನಿಯಮದಲ್ಲಿ ಇದಕ್ಕೆ ಒಪ್ಪಿಗೆ ಇದೆ. ತಾತ ಎಲ್ಲವನ್ನೂ ಶಾಂತವಾಗಿ ಕೇಳಿದರು.

"ಆ ಟ್ಯಾಂಕು ಎಲ್ಲೈತೆ ಸಾ?"

"ವ್ಯಾನಿನ ತಳದಲ್ಲಿ."

"ಅಂಗಾದ್ರೆ ಅದುನ್ನ ಕೆಳೀಕಿಟ್ಕಂಡು, ಅದ್ರ ಮ್ಯಾಲೆ ಕುಂತ್ಕಂಡು ಉಣ್ತಾರಾ?"

ನಾನು ನಿಯಮದ ಪುಸ್ತಕ ತೆಗೆದು ಒಪ್ಪಿಗೆಯ ಪುಟ ತೋರಿಸಿದೆ. ತಾತ ಗೊಣಗುತ್ತ ಮೆಟ್ಟಿಲು ಬಿಟ್ಟು ಎದ್ದರು, ನಾನು ವ್ಯಾನು ನೋಡಿ ಪಾಸು ಮಾಡಿದೆ. ಆ ತಾಯಿ ಸಂತೋಷದಿಂದ ಒಳಗೆ ಹೋಗಿ ಎಲ್ಲರಿಗೂ ಟೀ ಮಾಡಿದರು. ಒಳಗೆ ಮೆತ್ತನೆಯ ಸೀಟು, ಫ್ಯಾನು, ಪುಟ್ಟ ಮೇಜು ಎಲ್ಲ ಇತ್ತು. ಆದರೂ ನಾನು, ಅಕ್ಕ, ವ್ಯಾಪಾರಿ ಮೂವರೂ ಬಿಸಿಲಲ್ಲಿ ನಿಂತೇ ಕುಡಿದೆವು. ಪಕ್ಕಕ್ಕೆ ತಿರುಗಿ ನೋಡಿದರೆ, ಗಂಡಹೆಂಡತಿಯೂ ಕಪ್ಪು ಹಿಡಿದು ನಮ್ಮ ಜೊತೆಗೇ ನಿಂತಿದ್ದರು.

೪. ಮಧುಗಿರಿಯ ರಿಜಿಸ್ಟರು

ಮಧುಗಿರಿ ಬೆಟ್ಟದ ಹಿಂಬದಿಯ ಒಂದು ಕ್ಯಾಂಪಿನ ಕಾವಲುಗಾರನಿಗೆ ನಾನು ಒಮ್ಮೆ ಚೆನ್ನಾಗಿ ಬೈದಿದ್ದೆ. ಬಂದವರ ಹೆಸರು ಬರೆಯುವ ರಿಜಿಸ್ಟರು ಖಾಲಿ ಇತ್ತು. ನಾಳೆ ಏನಾದರೂ ಅನಾಹುತವಾದರೆ ಒಳಗೆ ಯಾರಿದ್ದರು, ಯಾರು ಹೋದರು ಎಂದು ಹೇಗೆ ತಿಳಿಯಬೇಕು? ಯಾರೇ ಬರಲಿ, ಮಂತ್ರಿಯೇ ಬರಲಿ, ಒಂದು ಕಾಲಮ್ಮೂ ಬಿಡದೆ ಬರೆಯಬೇಕು, ಯಾರಿಗೂ ವಿನಾಯಿತಿ ಇಲ್ಲ ಎಂದು ಹೇಳಿ ಬಂದಿದ್ದೆ. 'ಯಾರಿಗೂ ವಿನಾಯಿತಿ ಇಲ್ಲ' ಎಂಬುದು ನಾನು ಮೇಜು ಕುಟ್ಟಿ ಹೇಳುವ ಮಾತು. ಅಕ್ಕ ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಂಡಿದ್ದರು.

ಎರಡನೇ ಸಲ ಅಕ್ಕನನ್ನು ಕರೆದುಕೊಂಡು ಹೋದಾಗ ರಿಜಿಸ್ಟರು ತುಂಬಿತ್ತು. ಮುತ್ತು ಪೋಣಿಸಿದಂಥ ಅಕ್ಷರ. ನಾನು ಬೀಗುತ್ತ, ನೋಡಿ ಅಕ್ಕ, ಹೀಗಿರಬೇಕು ಎಂದು ಅವರ ಕೈಗೆ ಕೊಟ್ಟೆ. ಅಕ್ಕ ಗಟ್ಟಿಯಾಗಿ ಓದುತ್ತ ಓದುತ್ತ ಒಂದು ಕಡೆ ನಿಂತರು. ಆಮೇಲೆ ಇನ್ನೂ ಗಟ್ಟಿಯಾಗಿ ಓದಿದರು.

"ಹೆಸರು, ಕರಡಿ. ಊರು, ಬೆಟ್ಟದ ಹಿಂದೆ. ಜೊತೆಗಿದ್ದವರು, ಮರಿ ಒಂದು. ಬಂದ ಸಮಯ, ಸಂಜೆ ಆರು ಕಾಲು. ಬಂದ ಉದ್ದೇಶ, ಹಲಸಿನ ಹಣ್ಣು. ಹೋದ ಸಮಯ, ಆರೂವರೆ. ಫೋನ್ ನಂಬರು, ಇಲ್ಲ."

ನಗಬಾರದೆಂದು ಹಲ್ಲು ಕಚ್ಚಿದೆ. ನಿಜ ಹೇಳಬೇಕೆಂದರೆ ನನ್ನ ಸರ್ವೀಸಿನಲ್ಲಿ ಅಷ್ಟು ಉಪಯೋಗಕ್ಕೆ ಬಂದ ನಮೂದು ಬೇರೊಂದಿಲ್ಲ. ಅಡುಗೆಯವರು ಹಲಸಿನ ಸಿಪ್ಪೆ, ಮುಸುರೆಯನ್ನೆಲ್ಲ ಬೇಲಿ ಪಕ್ಕ ಎಸೆಯುತ್ತಿದ್ದದ್ದು ಅದರಿಂದಲೇ ಗೊತ್ತಾಯಿತು. ಅಂದೇ ಮುಚ್ಚಳವಿರುವ ಡ್ರಮ್ಮು ತರಿಸಿದೆ, ಅರಣ್ಯದವರಿಗೂ ತಿಳಿಸಿದೆ. ಕರಡಿ ಮತ್ತೆ ಬಂದಿಲ್ಲ. ಕಾವಲುಗಾರನ ಬೆನ್ನು ತಟ್ಟಿದೆ. ಅವನ ಮುಖ ಮಾತ್ರ ಸಪ್ಪಗಿತ್ತು. ಏನಯ್ಯ ಎಂದೆ.

"ಒಂದ್ ತೆಪ್ಪಾಗೈತೆ ಸಾ. ಸೈನು ಹಾಕುಸ್ಕಳಕ್ಕೆ ಆಗ್ಲಿಲ್ಲ. ಆ ಟೈಮ್ನಾಗೆ ನಾನು ನೀರಿನ್ ಟ್ಯಾಂಕ್ ಮ್ಯಾಲಿದ್ದೆ."

೫. ಪೂಜೆಗೊಂದು

ನಿಡುಗಲ್ಲಿನವರು ಮರುಪರಿಶೀಲನೆಗೆ ಕೋರಿದರು. ಹೋದೆ. ಟೆಂಟಿನ ಅಂತರ ಈಗ ಸರಿಯಾಗಿತ್ತು. ನೀರು ಹನಿ ಬಿಟ್ಟ ಮೇಲೆಯೇ ಹಳದಿಯಾಯಿತು. ಮುಸುರೆ ಡ್ರಮ್ಮಿಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು, ಕರಡಿಗೆಂದೇ. ನನಗೆ ಒಳಗೊಳಗೇ ಖುಷಿ. ಇನ್ನು ಬೆಂಕಿ ಆರಿಸುವ ಸಿಲಿಂಡರ್ ಒಂದು ನೋಡಿದರೆ ಮುಗಿಯಿತು ಎಂದುಕೊಂಡು, ಎಲ್ಲಿ ಎಂದು ಕೇಳಿದೆ.

ಅಜ್ಜಿ ಬೀರುವಿನ ಕಡೆ ಕೈ ತೋರಿಸಿದರು. ಅಕ್ಕನಿಗೂ ಇದು ಗೊತ್ತಿರಲಿಲ್ಲ. ಅವರು ನನ್ನ ಜೊತೆ ಮಧುಗಿರಿಗೆ ಬಂದಿದ್ದ ದಿನವೇ ಸಿಲಿಂಡರ್ ಬಂದಿತ್ತಂತೆ. ಹೊಸ ಸಾಮಾನು, ಅದೂ ಕೆಂಪು ಬಣ್ಣದ್ದು, ಪೂಜೆ ಮಾಡದೆ ಹೇಗೆ ಮುಟ್ಟುವುದು? ಉಳಿದ ಏಳು ಜನ ಸೇರಿ ಅರಿಶಿನ ಕುಂಕುಮ ಹಚ್ಚಿ, ಹೂವಿನ ಸರ ಹಾಕಿ, ನಿಂಬೆಹಣ್ಣು ಕಟ್ಟಿ, ದೇವರ ಫೋಟೋಗಳ ಜೊತೆ ಬೀರುವಿನಲ್ಲಿಟ್ಟಿದ್ದಾರೆ. ಎಳೆದು ತೆಗೆಯಬೇಕಾದ ಪಿನ್ನಿಗೆ ಅರಿಶಿನದ ದಾರ ಸುತ್ತಿ ಏಳು ಗಂಟು ಹಾಕಿದ್ದಾರೆ. ಬೀರುವಿಗೆ ಬೀಗ. ಬೀಗದ ಕೈ ಆರಡಿಯಾಕೆಯ ಸೊಂಟದಲ್ಲಿ. ಆಕೆ ಮಡಕಶಿರಾ ಕಡೆಗೆ ಮದುವೆಗೆ ಹೋಗಿದ್ದಾರೆ.

"ಈಗ ಬೆಂಕಿ ಬಿದ್ರೆ ಏನ್ ಮಾಡ್ತೀರಿ?" ಎಂದೆ.

ಸೊಂಟ ಬಗ್ಗಿದ ಅಜ್ಜಿ ನನಗೆ ಧೈರ್ಯ ತುಂಬುವ ಹಾಗೆ ಹೇಳಿದರು. "ಯಾಕ್ ಬೀಳ್ತೈತಿ ಸಾಮಿ? ಪೂಜೆ ಮಾಡಿದೀವಲ್ಲ."

ಕೆಂಪು ಪೆನ್ನು ತೆಗೆದೆ.  ಅಕ್ಕ ನಾನು ಬರೆಯುವುದನ್ನು ನೋಡುತ್ತ ನಿಂತರು. ಕಣ್ಣಲ್ಲಿ ನೀರು ತುಂಬಿತ್ತು, ಕೆಳಗೆ ಬೀಳಲು ಬಿಡಲಿಲ್ಲ. ದಸರಾ ರಜೆಗೆ ಇನ್ನು ಹದಿನೈದು ದಿನವೂ ಇರಲಿಲ್ಲ. ಅಂದು ಬಸ್ಸಿನಲ್ಲಿ ಕೂತು ನನಗೆ ಬಹಳ ಸಂಕಟವಾಯಿತು. ಒಂದು ಸಿಲಿಂಡರ್ ತಾನೇ, ಕಣ್ಣು ಮುಚ್ಚಿ ಪಾಸು ಮಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಆಫೀಸಿನವರೂ ಅಂದರು. ಆದರೆ ಆ ಟೆಂಟುಗಳಲ್ಲಿ ಮಲಗುವುದು ಹೈಸ್ಕೂಲು ಮಕ್ಕಳು. ಬೀಗದ ಕೈ ಮದುವೆಗೆ ಹೋದ ದಿನ ಬೆಂಕಿ ಬಿದ್ದರೆ ನಾನು ಯಾರ ಮುಖ ನೋಡಲಿ?

ಸಂಜೆ ಅಕ್ಕನ ಫೋನು ಬಂತು. ಬೈಯುತ್ತಾರೆ ಎಂದುಕೊಂಡೆ.

"ಸಾರ್, ಬೀಗ ಒಡ್ದಾಕಿ ಅದುನ್ನ ಹೊರಿಕೆ ತಂದಿದೀವಿ. ದಾರ ಬಿಚ್ಚಕ್ಕೆ ಮಾತ್ರ ಯಾರೂ ಒಪ್ತಿಲ್ಲ, ಒಳ್ಳೇದಾಗಲ್ಲ ಅಂತಾವ್ರೆ. ಇನ್ನೊಂದು ಸಿಲಿಂಡರ್ ತಂದ್ಬುಡ್ತೀವಿ. ಪೂಜೆಗೊಂದು, ಬೆಂಕಿಗೊಂದು. ಆಗ್ತೈತಾ?"

ನಿಯಮದ ಪುಸ್ತಕ ತೆರೆದು ನೋಡಿದೆ. ಅಷ್ಟು ಟೆಂಟಿಗೆ ಎರಡು ಸಿಲಿಂಡರ್ ಇರಲೇಬೇಕಿತ್ತು. ನಾನೇ ಮರೆತಿದ್ದೆ. ಆಗುತ್ತದೆ, ಆದರೆ ಪೂಜೆಯದರ ದಾರವನ್ನೂ ಬಿಚ್ಚಿಡಿ ಎಂದು ಗಂಭೀರವಾಗಿ ಹೇಳಿ ಫೋನಿಟ್ಟೆ.

೬. ಅಡುಗೆಮನೆಯ ಬಾಗಿಲು

ದಸರಾ ರಜೆಗೆ ಒಂದು ದಿನ ಮುಂಚೆ ಕೊನೆಯ ತಪಾಸಣೆ. ಈ ಸಲ ನಾನೊಬ್ಬನೇ ಅಲ್ಲ. ಜಿಲ್ಲೆಯಿಂದ ನಮ್ಮ ಮೇಲಧಿಕಾರಿ ಮೇಡಂ, ಅಗ್ನಿಶಾಮಕದ ಒಬ್ಬರು, ಪಂಚಾಯಿತಿಯ ಒಬ್ಬರು. ಪಂಚಾಯಿತಿಯವರು ಜೀಪು ಹತ್ತುವಾಗಲೇ ಹೇಳಿಬಿಟ್ಟರು, ಇವತ್ತು ಆಗದಿದ್ದರೆ ನಾಳೆ ಜಾಗ ಕಂಟ್ರಾಕ್ಟರಿಗೆ ಎಂದು. ದಾರಿಯಲ್ಲಿ ಜೀಪು ಪಂಚರ್ ಆಯಿತು. ಡ್ರೈವರಿಗೆ ಕೈ ನೋವು. ಕೆಲಸ ಎಂದರೆ ನಾನು ಹಿಂದೆ ಬೀಳುವವನಲ್ಲ, ಪ್ಯಾಂಟು ಮಡಿಸಿ ನಾನೇ ಚಕ್ರ ಬಿಚ್ಚಿ ಹಾಕಿದೆ. ಮೇಡಂ ಮುಂದೆ ಸ್ವಲ್ಪ ಮೆರೆದೆ ಅಂತಲೂ ಇಟ್ಟುಕೊಳ್ಳಿ.

ನಿಡುಗಲ್ಲು ತಲುಪಿದೆವು. ಗೇಟಿನಲ್ಲಿ ಅಜ್ಜಿ ರಿಜಿಸ್ಟರು ಹಿಡಿದು ಕೂತಿದ್ದರು, ನಾಲ್ವರ ಹತ್ತಿರವೂ ಬರೆಸಿಕೊಂಡೇ ಬಿಟ್ಟರು. ಟೆಂಟಿನ ನಡುವೆ ಅಳೆಯಲು ಮೂರು ಮೀಟರಿನ ಬಿದಿರು ಗಳ ಮಾಡಿ ಸುಣ್ಣ ಬಳಿದಿದ್ದರು, ಆರಡಿಯಾಕೆ ಇನ್ನು ನಿಶ್ಚಿಂತೆಯಾಗಿ ಮದುವೆಗೆ ಹೋಗಬಹುದು. ಅಗ್ನಿಶಾಮಕದವರು ಸೌದೆಗೆ ಬೆಂಕಿ ಹಚ್ಚಿ, ಸಿಲಿಂಡರ್ ತೋರಿಸಿ ಎಂದ ತಕ್ಷಣ ಆಕೆ ಪಿನ್ನು ಎಳೆದು, ಉರಿಯುವ ಸೌದೆ ರಾಶಿಯನ್ನು ಆರಿಸಿ, ಅವರ ಬೂಟಿಗೂ ಸ್ವಲ್ಪ ಹೊಡೆದರು. ನೀರು ಸರಿ, ಶೌಚಾಲಯ ಸರಿ. ಉಳಿದದ್ದು ಅಡುಗೆಮನೆ ಒಂದೇ.

ಅಡುಗೆಮನೆಯ ಬಾಗಿಲಲ್ಲಿ ಒಂದು ಬೋರ್ಡು: 'ಉಗುರು ಶುದ್ಧವಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಯಾರಿಗೂ ವಿನಾಯಿತಿ ಇಲ್ಲ.' ನಾನೇ ಹೇಳಿ ಬರೆಸಿದ್ದು. ಬೋರ್ಡಿನ ಪಕ್ಕದಲ್ಲಿ ಅಕ್ಕ ನಿಂತಿದ್ದರು, ಬಿಸಿಯೂಟಕ್ಕೆ ಸಾಲು ನಿಂತ ಮಕ್ಕಳ ಕೈ ನೋಡುತ್ತಿದ್ದ ಹಾಗೆಯೇ. ಮೇಡಂ ನಗುತ್ತ ಕೈ ಚಾಚಿದರು. ಅಕ್ಕ ತಿರುಗಿಸಿ ನೋಡಿ ಒಳಗೆ ಬಿಟ್ಟರು. ಅಗ್ನಿಶಾಮಕದವರೂ ಪಂಚಾಯಿತಿಯವರೂ ದಾಟಿದರು. ಕೊನೆಗೆ ನಾನು, ನನ್ನದೇ ಮನೆ ಎಂಬಂತೆ ಕಾಲು ಒಳಗಿಟ್ಟೆ.

"ಕೈ ಸಾರ್," ಎಂದರು ಅಕ್ಕ.

ಚಾಚಿದೆ. ಹತ್ತೂ ಉಗುರಿನ ಸಂದಿಯಲ್ಲಿ ಜೀಪಿನ ಗ್ರೀಸು. ದಾರಿಯಲ್ಲಿ ಬಾಟಲಿ ನೀರಲ್ಲಿ ತೊಳೆದಿದ್ದೆ, ಹೋಗಿರಲಿಲ್ಲ. ಅಕ್ಕ ಕೈ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕೈ ನೋಡಿದರು. ಅನುಮತಿ ಪತ್ರಕ್ಕೆ ಮೊದಲು ಬೀಳಬೇಕಾದದ್ದು ನನ್ನ ಷರಾ ಎಂದು ಅವರಿಗೆ ಗೊತ್ತು. ಹಿಂದಿನಿಂದ ಅಜ್ಜಿ ಅವರ ಸೆರಗು ಎಳೆದು ಪಿಸುಗುಟ್ಟಿದರು. "ಬುಡೇ, ಸಾರ್ ಕಣೆ."

ಅಕ್ಕ ಸೆರಗು ಬಿಡಿಸಿಕೊಂಡರು. "ಸಾರ್, ನೀವು ಒಳೀಕೆ ಬರಂಗಿಲ್ಲ."

ಸುಳ್ಳು ಹೇಳುವುದಿಲ್ಲ, ನನ್ನ ಕಿವಿ ಬಿಸಿಯಾಯಿತು. ಒಳಗೆ ಮೇಡಂ ತಿರುಗಿ ನೋಡುತ್ತಿದ್ದಾರೆ. ನಾನು ಒಳಗೆ ಬರದಿದ್ದರೆ ಷರಾ ಬರೆಯುವವರು ಯಾರಮ್ಮ ಎಂದೆ. ಅದೂ ಗೊತ್ತು ಸಾರ್ ಎಂದರು. ಹಾಗೆಂದು ಬಾಗಿಲಿನಿಂದ ಒಂದು ಹೆಜ್ಜೆಯೂ ಸರಿಯಲಿಲ್ಲ. ಆಗ ನನಗೆ ಸಿಟ್ಟು ಇಳಿದು ಎದೆ ತುಂಬಿ ಬಂತು. ನಾಲ್ಕು ತಾಲ್ಲೂಕು ತಿರುಗಿ ಎಷ್ಟು ಜನಕ್ಕೆ ಈ ನಿಯಮ ಹೇಳಿದ್ದೇನೆ. ಎಲ್ಲರೂ ನನಗೆ ಹೆದರಿ ಪಾಲಿಸಿದವರು. ನನ್ನನ್ನೇ ತಡೆದು ನಿಲ್ಲಿಸಿ ಪಾಲಿಸಿದವರು ಇವರೊಬ್ಬರೇ.

ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂತೆ. ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ನೇಲ್ ಕಟರಿನಲ್ಲಿ ಹತ್ತೂ ಉಗುರು ತೆಗೆದೆ. ಸೋಪು ಹಚ್ಚಿ ಇಪ್ಪತ್ತರವರೆಗೆ ಗಟ್ಟಿಯಾಗಿ ಎಣಿಸಬೇಕು, ಅದೂ ನಾನೇ ಹೇಳಿಕೊಟ್ಟದ್ದು. ಎಣಿಸಿದೆ. ಹತ್ತು ದಾಟಿದ ಮೇಲೆ ಮೇಡಮ್ಮೂ ಬಾಗಿಲಲ್ಲಿ ನಿಂತು ಜೊತೆಗೆ ಎಣಿಸಿದರು, ಇಪ್ಪತ್ತಕ್ಕೆ ಸಂಘದ ಎಂಟೂ ಜನರ ದನಿ ಸೇರಿತ್ತು. ಎಡಗೈ ಹೆಬ್ಬೆರಳು ಇನ್ನೊಂದು ಸಲ ಎಂದು ಅಕ್ಕ ಬಾಗಿಲಲ್ಲಿ ನಿಂತೇ ಹೇಳಿದರು. ಅದನ್ನೂ ತಿಕ್ಕಿದೆ. ಆಮೇಲೆ ಮತ್ತೆ ಕೈ ನೋಡಿ ದಾರಿ ಬಿಟ್ಟರು.

ಒಳಗೆ ತಪ್ಪು ಹುಡುಕಿದೆ. ಹಟಕ್ಕೆ ಬಿದ್ದು ಹುಡುಕಿದೆ. ಸಿಗಲಿಲ್ಲ. ಮೇಡಂ ಫೈಲು ಮುಂದಿಟ್ಟು, ಏನ್ರೀ ನಿಮ್ಮ ಷರಾ ಎಂದರು. ಜೇಬಿಗೆ ಕೈ ಹಾಕಿದರೆ ಇದ್ದದ್ದು ಕೆಂಪು ಪೆನ್ನು ಒಂದೇ. ಪಾಸು ಮಾಡಲು ಬೇರೆ ಪೆನ್ನು ಇಟ್ಟುಕೊಳ್ಳುವ ಅಭ್ಯಾಸವೇ ನನಗಿರಲಿಲ್ಲ. ಅಕ್ಕ ತಮ್ಮ ನೋಟ್‌ಬುಕ್ಕಿನ ನೀಲಿ ಪೆನ್ನು ಕೊಟ್ಟು ನನ್ನ ಕೆಂಪು ಪೆನ್ನು ತೆಗೆದುಕೊಂಡರು. ನಾನು ನೀಲಿಯಲ್ಲಿ ಬರೆದೆ: 'ಅನುಮತಿ ನೀಡಬಹುದು.' ಮೇಡಂ ಅದರ ಕೆಳಗೆ ಸಹಿ ಹಾಕಿದರು. ಅಜ್ಜಿ ಸಿಲಿಂಡರಿಗೆ ಕೈ ಮುಗಿದರು, ಪೂಜೆಯದಕ್ಕೆ. ಅಕ್ಕ ಮಾತ್ರ ಗೋಡೆ ಕಡೆ ತಿರುಗಿಕೊಂಡು ಏನೋ ಬರೆಯುತ್ತಿದ್ದರು. ಅಳುತ್ತಿರಬೇಕು ಎಂದುಕೊಂಡೆ.

ಅಳುತ್ತಿರಲಿಲ್ಲ. ಹೊರಡುವಾಗ ಒಂದು ಪುಸ್ತಕ ತಂದು ನನ್ನ ಮುಂದೆ ಹಿಡಿದು, ಇಲ್ಲೊಂದು ಸಹಿ ಹಾಕಬೇಕು ಸಾರ್ ಎಂದರು. ಅಡುಗೆಮನೆಗೆ ಬಂದವರ ಕೈ ತಪಾಸಣೆಯ ಪುಸ್ತಕವಂತೆ. ಮೇಡಂ ಹೆಸರಿನ ಮುಂದೆ ಪಾಸು. ಉಳಿದಿಬ್ಬರ ಮುಂದೆಯೂ ಪಾಸು. ನನ್ನ ಹೆಸರಿನ ಮುಂದೆ ನನ್ನದೇ ಕೆಂಪು ಪೆನ್ನಿನಲ್ಲಿ, ಒಂದಕ್ಷರವೂ ತಪ್ಪಿಲ್ಲದೆ ಬರೆದಿತ್ತು: 'ನ್ಯೂನತೆಗಳನ್ನು ಸರಿಪಡಿಸಿಕೊಂಡು ಮರುಪರಿಶೀಲನೆಗೆ ಕೋರುವುದು.'

ಅದರ ಕೆಳಗೆ ಇನ್ನೊಂದು ಸಾಲು: 'ಕೋರಿದರು. ಎರಡನೇ ಸಲಕ್ಕೆ ಪಾಸು. ನಮಗಿಂತ ಒಂದು ಸಲ ಕಮ್ಮಿ.'